ಗರ್ಭಕಂಠದ ಕ್ಯಾನ್ಸರ್: ರಿಪೋರ್ಟಿನ ಪ್ರೋಟೀನ್ ಮಾರ್ಕರ್‌ಗಳನ್ನು ಯಾವ ಕ್ರಮದಲ್ಲಿ ಓದಬೇಕು?

"ಎಸ್‌ಸಿಸಿ 9 ಬಂದಿದೆ, ಇನ್ನು ಎಷ್ಟು ದಿನ?" "ಪಿ16 ಪಾಸಿಟಿವ್ ಅಂತ ಬರೆದಿದ್ದಾರೆ, ಕಾಯಿಲೆ ಜಾಸ್ತಿ ಆಗಿದೆಯಾ?" ರಿಪೋರ್ಟ್ ಕೈಗೆ ಬಂದ ದಿನ ಮನೆಯವರು ಕೇಳುವುದು ಇವೇ ಎರಡು ಪ್ರಶ್ನೆ. ಎಸ್‌ಸಿಸಿ ರಕ್ತದಲ್ಲಿ ಅಳೆಯುವ ಪ್ರೋಟೀನ್, ಪಿ16 ಗೆಡ್ಡೆಯ ಅಂಗಾಂಶದಲ್ಲಿ ನೋಡುವ ಪ್ರೋಟೀನ್; ಕಾಯಿಲೆಯ ಸುಳಿವು ಕೊಡುವ ಇಂಥವನ್ನೇ ಮಾರ್ಕರ್ ಅನ್ನುವುದು. ಮೊದಲನೆಯದಕ್ಕೆ ಆ ಒಂದು ಸಂಖ್ಯೆಯಿಂದ ಉತ್ತರ ಸಿಗುವುದಿಲ್ಲ. ಎರಡನೆಯದರಲ್ಲಿ ಅರ್ಥವೇ ತಿರುವುಮುರುವಾಗಿದೆ. ಎಡವುವುದು ಓದುವ ಕ್ರಮದಲ್ಲಿ: ಗೆಡ್ಡೆಯ ಜಾತಿ ಮತ್ತು ಹಂತ ನೋಡುವ ಮೊದಲೇ ದಪ್ಪ ಅಕ್ಷರದಲ್ಲಿರುವ ಮಾರ್ಕರ್‌ಗೆ ಕಣ್ಣು ಹೋಗುತ್ತದೆ.

ರೋಗಿಯ ಫೈಲ್ ಹಿಡಿದು ಆಸ್ಪತ್ರೆಗೆ ಓಡಾಡುವ ಮನೆಯವರು ಮತ್ತು ಅವರಿಗೆ ವಿವರಿಸಬೇಕಾದ ನರ್ಸ್, ಆಶಾ ಕಾರ್ಯಕರ್ತೆ, ಕಿರಿಯ ವೈದ್ಯರು ಇದನ್ನು ಬಳಸಬಹುದು. ಚಿಕಿತ್ಸೆಯ ತೀರ್ಮಾನ ಕ್ಯಾನ್ಸರ್ ತಜ್ಞರದ್ದೇ. ಅವರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳುವಂತಾಗಬೇಕು ಅನ್ನುವುದಷ್ಟೇ ಇಲ್ಲಿನ ಉದ್ದೇಶ.

## ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದದ್ದು

- ಬಯಾಪ್ಸಿ ರಿಪೋರ್ಟಿನ ಪೂರ್ತಿ ಪುಟಗಳು. ವಾಟ್ಸ್ಆಪ್‌ನಲ್ಲಿ ಬಂದ ಒಂದು ಪುಟದ ಫೋಟೋ ಸಾಲದು. ಐಎಚ್‌ಸಿ (ಅಂಗಾಂಶಕ್ಕೆ ಬಣ್ಣ ಹಿಡಿಸಿ ಪ್ರೋಟೀನ್ ಗುರುತಿಸುವ ಬಣ್ಣಪರೀಕ್ಷೆ) ಫಲಿತಾಂಶ ಬಹಳ ಸಲ ಎರಡನೇ ಪುಟದಲ್ಲೋ ವಾರದ ನಂತರ ಕೊಡುವ ಬೇರೆ ಹಾಳೆಯಲ್ಲೋ ಇರುತ್ತದೆ.
- ಎಂಆರ್‌ಐ, ಸಿಟಿ ಅಥವಾ ಪೆಟ್-ಸಿಟಿ ರಿಪೋರ್ಟ್. ಸಿಡಿ ಕೊಟ್ಟಿದ್ದರೆ ಅದೂ ಇರಲಿ.
- ಚಿಕಿತ್ಸೆ ಶುರುವಾಗುವ ಮೊದಲಿನ ರಕ್ತಪರೀಕ್ಷೆಗಳು: ಹಿಮೋಗ್ಲೋಬಿನ್, ಕ್ರಿಯೇಟಿನಿನ್ (ಕಿಡ್ನಿಯ ಪರೀಕ್ಷೆ), ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್), ಮಾಡಿಸಿದ್ದರೆ ಎಸ್‌ಸಿಸಿ ಆಂಟಿಜನ್.
- ಬಯಾಪ್ಸಿ ಬ್ಲಾಕ್ ನಂಬರ್. ಮೇಣದಲ್ಲಿ ಕೂರಿಸಿದ ಅಂಗಾಂಶದ ಚೂರನ್ನೇ ಬ್ಲಾಕ್ ಅನ್ನುವುದು.
- ಒಂದು ನೋಟ್‌ಬುಕ್, ಒಂದು ಗ್ರಾಫ್ ಹಾಳೆ.

ಬ್ಲಾಕ್ ಬಗ್ಗೆ ಇನ್ನೊಂದು ಮಾತು. ಬೀದರಿನವರು ಹೈದರಾಬಾದಿಗೆ, ಬೆಳಗಾವಿಯವರು ಮುಂಬೈಗೆ, ಹೊಸಪೇಟೆಯವರು ಬೆಂಗಳೂರಿನ ಕಿದ್ವಾಯಿಗೆ ಹೋಗುವುದು ಮಾಮೂಲು. ಹೊಸ ಆಸ್ಪತ್ರೆಯವರು ಸ್ಲೈಡ್ ಮತ್ತು ಬ್ಲಾಕ್ ಕೇಳಿಯೇ ಕೇಳುತ್ತಾರೆ. ಬರೀ ರಿಪೋರ್ಟ್ ಒಯ್ದರೆ ಮತ್ತೆ ಊರಿಗೆ ಓಡಬೇಕು, ಇಲ್ಲವೇ ಇನ್ನೊಮ್ಮೆ ಬಯಾಪ್ಸಿ. ಹೊರಡುವ ಮೊದಲೇ ಲ್ಯಾಬಿಗೆ ಅರ್ಜಿ ಕೊಟ್ಟು ಬ್ಲಾಕ್ ಪಡೆಯಿರಿ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ, ಮೇಣ ಕರಗುತ್ತದೆ.

## ಹಂತ 1: ಗೆಡ್ಡೆಯ ಜಾತಿ ಯಾವುದು ನೋಡಿ

ಬಯಾಪ್ಸಿ ರಿಪೋರ್ಟಿನ ಕೊನೆಯಲ್ಲಿ "ಇಂಪ್ರೆಷನ್" ಅಥವಾ "ಡಯಾಗ್ನೋಸಿಸ್" ಎಂಬ ಸಾಲು ಇರುತ್ತದೆ. ಅಲ್ಲಿ ಹೆಚ್ಚಾಗಿ ಕಾಣುವುದು ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ. ಅದು ಬಿಟ್ಟರೆ ಅಡಿನೋಕಾರ್ಸಿನೋಮಾ, ಅಡಿನೋಸ್ಕ್ವೇಮಸ್. ಅಪರೂಪಕ್ಕೆ ಸ್ಮಾಲ್ ಸೆಲ್ ನ್ಯೂರೋಎಂಡೋಕ್ರೈನ್.

ಯಾವ ಪ್ರೋಟೀನ್ ಮಾರ್ಕರ್ ಕೆಲಸಕ್ಕೆ ಬರುತ್ತದೆ ಅನ್ನುವುದನ್ನು ಈ ಸಾಲೇ ನಿರ್ಧರಿಸುತ್ತದೆ. ಸ್ಕ್ವೇಮಸ್ ಇದ್ದರೆ ರಕ್ತದಲ್ಲಿ ಎಸ್‌ಸಿಸಿ ಆಂಟಿಜನ್. ಅಡಿನೋಕಾರ್ಸಿನೋಮಾಕ್ಕೆ ಎಸ್‌ಸಿಸಿ ಮಾಡಿಸಿ "ನಾರ್ಮಲ್ ಬಂತು" ಎಂದು ನೆಮ್ಮದಿಪಡುವುದು ದುಡ್ಡೂ ದಂಡ, ನೆಮ್ಮದಿಯೂ ಸುಳ್ಳು. ಅಲ್ಲಿ ಸಿಎ-125, ಸಿಇಎ, ಕೆಲವೊಮ್ಮೆ ಸಿಎ 19-9 ಎಂಬ ಬೇರೆ ರಕ್ತದ ಮಾರ್ಕರ್‌ಗಳನ್ನು ನೋಡುತ್ತಾರೆ. ಅವೂ ಎಲ್ಲರಲ್ಲಿ ಏರುವುದಿಲ್ಲ.

ನ್ಯೂರೋಎಂಡೋಕ್ರೈನ್ ಎಂದಿದ್ದರೆ ಸಿನಾಪ್ಟೋಫೈಸಿನ್, ಕ್ರೋಮೋಗ್ರಾನಿನ್, ಸಿಡಿ56, ಐಎನ್‌ಎಸ್‌ಎಂ1 ಎಂಬ ಬಣ್ಣಪರೀಕ್ಷೆಗಳ ಫಲಿತಾಂಶವೂ ಜೊತೆಗಿರಬೇಕು. ಇದು ಬೇಗ ಹರಡುವ ಜಾತಿ, ಚಿಕಿತ್ಸೆಯ ದಾರಿಯೇ ಬೇರೆ. ಈ ಪದ ಕಂಡರೆ ಉಳಿದ ಹಂತಗಳನ್ನು ಆಮೇಲೆ ಓದಿ, ಮೊದಲು ತಜ್ಞರನ್ನು ಕಾಣಿ.

## ಹಂತ 2: ಫಿಗೋ ಹಂತ ಮತ್ತು ಲಿಂಫ್ ಗಂಟುಗಳು

ಕಾಯಿಲೆ ಮುಂದೆ ಹೇಗೆ ಸಾಗಬಹುದು ಎಂಬುದನ್ನು ಯಾವ ಪ್ರೋಟೀನಿಗಿಂತಲೂ ಹೆಚ್ಚಾಗಿ ಹೇಳುವುದು ಕಾಯಿಲೆಯ ಹಂತ. ಈಗ ಬಳಕೆಯಲ್ಲಿರುವುದು ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಗೋದ 2018ರ ಪಟ್ಟಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇದನ್ನೇ ಬರೆಯಿರಿ.

1ಎ ಅಂದರೆ ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ, 5 ಮಿ.ಮೀ.ವರೆಗಿನ ಆಳದ ಗೆಡ್ಡೆ. 1ಬಿ1 ಅಂದರೆ 2 ಸೆಂ.ಮೀ. ಒಳಗೆ, 1ಬಿ2 ಅಂದರೆ 2ರಿಂದ 4 ಸೆಂ.ಮೀ. ನಡುವೆ, 1ಬಿ3 ಅಂದರೆ 4 ಸೆಂ.ಮೀ. ಮತ್ತು ಮೇಲೆ. 2ಬಿಯಲ್ಲಿ ಗರ್ಭಕಂಠದ ಅಕ್ಕಪಕ್ಕದ ಅಂಗಾಂಶಕ್ಕೆ ಹಬ್ಬಿರುತ್ತದೆ. 3ಬಿಯಲ್ಲಿ ಕಿಬ್ಬೊಟ್ಟೆಯೊಳಗಿನ ಪಕ್ಕದ ಗೋಡೆ (ಪೆಲ್ವಿಕ್ ವಾಲ್) ಮುಟ್ಟಿರುತ್ತದೆ, ಅಥವಾ ಮೂತ್ರನಾಳ ಒತ್ತಿ ಕಿಡ್ನಿ ಊದಿರುತ್ತದೆ. 3ಸಿ1 ಎಂದರೆ ಕಿಬ್ಬೊಟ್ಟೆಯ ಲಿಂಫ್ ಗಂಟಿಗೆ (ದುಗ್ಧಗ್ರಂಥಿಗೆ) ಹರಡಿದೆ, 3ಸಿ2 ಎಂದರೆ ಅದಕ್ಕೂ ಮೇಲೆ ಮಹಾಧಮನಿಯ ಪಕ್ಕದ ಗಂಟಿಗೆ. 4ನೇ ಹಂತದಲ್ಲಿ ಮೂತ್ರಕೋಶ, ಗುದನಾಳದ ಒಳಪೊರೆ ಅಥವಾ ದೂರದ ಅಂಗ.

3ಸಿ ಪಕ್ಕದಲ್ಲಿ ಒಂದು ಸಣ್ಣ ಅಕ್ಷರ ಇರುತ್ತದೆ. "ಆರ್" ಇದ್ದರೆ ಗಂಟನ್ನು ಸ್ಕ್ಯಾನಿನಲ್ಲಿ ಕಂಡದ್ದು, "ಪಿ" ಇದ್ದರೆ ಅಂಗಾಂಶ ತೆಗೆದು ಖಚಿತಪಡಿಸಿಕೊಂಡದ್ದು.

ಆಪರೇಷನ್ ಆಗಿದ್ದರೆ ಇನ್ನೂ ಐದು ವಿಷಯ ಹುಡುಕಿ: ಗಂಟುಗಳಲ್ಲಿ ಕ್ಯಾನ್ಸರ್ ಇದೆಯೇ, ಕತ್ತರಿಸಿದ ಅಂಚಿನಲ್ಲಿ ಇದೆಯೇ, ಪಕ್ಕದ ಅಂಗಾಂಶಕ್ಕೆ ಹಬ್ಬಿದೆಯೇ, ಎಲ್‌ವಿಎಸ್‌ಐ (ಗೆಡ್ಡೆಕೋಶ ರಕ್ತನಾಳ, ಲಿಂಫ್ ನಾಳಕ್ಕೆ ನುಗ್ಗಿರುವುದು) ಇದೆಯೇ, ಗರ್ಭಕಂಠದ ಗೋಡೆಯೊಳಗೆ ಎಷ್ಟು ಆಳಕ್ಕೆ ಇಳಿದಿದೆ. ಮೊದಲ ಮೂರರಲ್ಲಿ ಒಂದು ಇದ್ದರೂ ಸಾಮಾನ್ಯವಾಗಿ ರೇಡಿಯೇಷನ್ ಜೊತೆ ಕೀಮೋ ಸಲಹೆ ಬರುತ್ತದೆ. ಕೊನೆಯ ಎರಡನ್ನು ಗೆಡ್ಡೆಯ ಗಾತ್ರದ ಜೊತೆ ಸೇರಿಸಿ ರೇಡಿಯೇಷನ್ ಬೇಕೇ ಎಂದು ಅಳೆಯುತ್ತಾರೆ.

ಇದಿಷ್ಟು ಬರೆಯದೆ ಮುಂದಿನ ಹಂತಕ್ಕೆ ಹೋಗಬೇಡಿ.

## ಹಂತ 3: ಅಂಗಾಂಶದ ಮಾರ್ಕರ್‌ಗಳು

ಪಿ16. ಹೆಚ್ಚು ತಪ್ಪರ್ಥವಾಗುವುದು ಇದೇ. ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯ ಕಾರಣವಾದ ಎಚ್‌ಪಿವಿ ವೈರಸ್ಸಿನ ಇ7 ಎಂಬ ಪ್ರೋಟೀನ್ ಜೀವಕೋಶದ ಆರ್‌ಬಿ ಎಂಬ ಬ್ರೇಕನ್ನು ಕೆಡಿಸುತ್ತದೆ. ಆ ಬ್ರೇಕ್ ಹೋದ ಮೇಲೆ ಪಿ16 ರಾಶಿ ಬೀಳುತ್ತದೆ. ಹಾಗಾಗಿ ಪಿ16 ಪಾಸಿಟಿವ್ ಎಂದರೆ "ಇದು ಎಚ್‌ಪಿವಿಯಿಂದ ಬಂದ ಗೆಡ್ಡೆ ಇರಬೇಕು" ಎಂಬ ಸೂಚನೆ. ಕಾಯಿಲೆ ಎಷ್ಟು ಹರಡಿದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಒಟ್ಟಾರೆ ನೋಡಿದರೆ ಎಚ್‌ಪಿವಿ ಸಂಬಂಧಿತ ಗೆಡ್ಡೆಗಳೇ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತವೆ. ಎಚ್‌ಪಿವಿ ಇಲ್ಲದವು, ಅದರಲ್ಲೂ ಗ್ಯಾಸ್ಟ್ರಿಕ್ ಮಾದರಿಯ ಅಡಿನೋಕಾರ್ಸಿನೋಮಾ, ಹಟಮಾರಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರ್ಗೀಕರಣ ಗೆಡ್ಡೆಗಳನ್ನು ಈ ಆಧಾರದ ಮೇಲೆಯೇ ಎರಡು ಮಾಡಿದೆ.

ಓದುವಾಗ ಹುಡುಕಬೇಕಾದ ಪದ "ಬ್ಲಾಕ್ ಪಾಸಿಟಿವ್" ಅಥವಾ "ಡಿಫ್ಯೂಸ್ ಸ್ಟ್ರಾಂಗ್": ಎಡೆಬಿಡದೆ, ಗಾಢವಾಗಿ ಬಣ್ಣ ಹಿಡಿದಿರಬೇಕು (ಇಲ್ಲಿ ಬ್ಲಾಕ್ ಎಂದರೆ ಮೇಣದ ಬ್ಲಾಕ್ ಅಲ್ಲ). "ಪ್ಯಾಚಿ", "ಫೋಕಲ್", "ಮೊಸಾಯಿಕ್" ಎಂದಿದ್ದರೆ ಅದನ್ನು ನೆಗೆಟಿವ್ ಎಂದೇ ಲೆಕ್ಕ ಹಾಕುತ್ತಾರೆ. ಕ್ಯಾನ್ಸರ್‌ಪೂರ್ವ ಸ್ಥಿತಿಯಲ್ಲಾದರೆ ಬಣ್ಣ ತಳದ ಪದರದಿಂದ ಶುರುವಾಗಿ ಮೇಲ್ಪದರದ ಕನಿಷ್ಠ ಮೂರನೇ ಒಂದು ಭಾಗದವರೆಗೆ ಏರಿರಬೇಕು. ಬರೀ "ಪಿ16: ಪಾಸಿಟಿವ್" ಎಂದು ಬರೆದಿದ್ದರೆ ಪ್ಯಾಥಾಲಜಿ ವಿಭಾಗಕ್ಕೆ ಹೋಗಿ "ಬ್ಲಾಕಾ, ಪ್ಯಾಚಿಯಾ?" ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಒಂದು ಬಲೆ ಇದೆ. ಹಂತ 1ರಲ್ಲಿ ಹೇಳಿದ ಸ್ಮಾಲ್ ಸೆಲ್ ಗೆಡ್ಡೆಯೂ ಪಿ16 ಪಾಸಿಟಿವ್ ಬರುತ್ತದೆ. ಅಲ್ಲಿ ಆ ಪಾಸಿಟಿವ್ ಸಮಾಧಾನದ ಮಾತಲ್ಲ. ಜಾತಿ ಮೊದಲು, ಪಿ16 ಆಮೇಲೆ ಎನ್ನುವುದು ಇದಕ್ಕೇ.

ಪಿ53. ಇದೂ ಜೀವಕೋಶದ ಒಂದು ಬ್ರೇಕ್. ಎಚ್‌ಪಿವಿ ಗೆಡ್ಡೆಯಲ್ಲಿ ಇದು ಸಾಮಾನ್ಯವಾಗಿ "ವೈಲ್ಡ್ ಟೈಪ್", ಅಂದರೆ ಸಹಜ ಮಾದರಿ. "ಮ್ಯೂಟಂಟ್ ಪ್ಯಾಟರ್ನ್" (ಜೀನ್ ಕೆಟ್ಟಿರುವ ಮಾದರಿ) ಎಂದಿದ್ದು ಪಿ16 ನೆಗೆಟಿವ್ ಇದ್ದರೆ, ಇದು ಎಚ್‌ಪಿವಿ ಇಲ್ಲದ ಗೆಡ್ಡೆಯೇ ಎಂದು ವೈದ್ಯರಲ್ಲಿ ಕೇಳಿ. ಮೇಲೆ ಗರ್ಭಕೋಶದಿಂದ ಇಳಿದು ಬಂದ ಗೆಡ್ಡೆ ಅಲ್ಲವೇ ಎಂಬುದೂ ಆಗ ಇತ್ಯರ್ಥವಾಗಬೇಕು.

ಕೆಐ-67. ಎಷ್ಟು ಜೀವಕೋಶ ವಿಭಜನೆಯಲ್ಲಿವೆ ಎಂಬ ಶೇಕಡಾವಾರು. 70, 80 ಎಂದು ಕಂಡು ಎದೆ ಒಡೆದುಕೊಳ್ಳುವವರೇ ಹೆಚ್ಚು. ಸ್ತನ ಕ್ಯಾನ್ಸರಿನ ಲೇಖನ ಓದಿ ಅದೇ ಲೆಕ್ಕ ಇಲ್ಲಿ ಹಾಕುವುದು ತಪ್ಪು. ಗರ್ಭಕಂಠದ ಕ್ಯಾನ್ಸರಿನಲ್ಲಿ ಕೆಐ-67ಗೆ ಎಲ್ಲರೂ ಒಪ್ಪಿದ ಗಡಿ ಸಂಖ್ಯೆಯೇ ಇಲ್ಲ, ಅಧ್ಯಯನಗಳ ಫಲಿತಾಂಶವೂ ಒಂದೇ ಕಡೆ ವಾಲುವುದಿಲ್ಲ. ಇದರ ನಿಜವಾದ ಉಪಯೋಗ ಕ್ಯಾನ್ಸರ್‌ಪೂರ್ವ ಸ್ಥಿತಿಯನ್ನು ಗುರುತಿಸುವುದರಲ್ಲಿ.

ಇವಲ್ಲದೆ ಇಜಿಎಫ್‌ಆರ್, ವಿಇಜಿಎಫ್, ಸರ್ವೈವಿನ್ ಎಂದೆಲ್ಲ ಸಂಶೋಧನಾ ಪ್ರಬಂಧಗಳಲ್ಲಿ ಹೆಸರು ಸಿಗುತ್ತವೆ. ದಿನನಿತ್ಯದ ಚಿಕಿತ್ಸೆಯಲ್ಲಿ ಅವುಗಳಿಂದ ತೀರ್ಮಾನ ಬದಲಾಗುವುದಿಲ್ಲ. ಕೈಯಿಂದ ದುಡ್ಡು ಕೊಟ್ಟು ಮಾಡಿಸಬೇಡಿ.

## ಹಂತ 4: ಆ ಫಲಿತಾಂಶ ನಂಬಬಹುದೇ?

ಬಣ್ಣಪರೀಕ್ಷೆ ಕೆಡುವುದು ಸಾಮಾನ್ಯವಾಗಿ ಸೂಕ್ಷ್ಮದರ್ಶಕದ ಕೆಳಗಲ್ಲ, ಬಯಾಪ್ಸಿ ತೆಗೆದ ಕೋಣೆಯಲ್ಲಿ. ಚೂರನ್ನು ತಕ್ಷಣ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ ಹಾಕಬೇಕು, ದ್ರವ ಚೂರಿನ ಗಾತ್ರದ ಸುಮಾರು ಹತ್ತು ಪಟ್ಟು ಇರಬೇಕು, 6ರಿಂದ 72 ಗಂಟೆ ಅದರಲ್ಲಿರಬೇಕು. ಸಲೈನ್‌ನಲ್ಲಿ ಹಾಕಿ ಬಸ್ಸಿನಲ್ಲಿ ಕಳಿಸಿದ ಚೂರು ಅರ್ಧ ದಾರಿಯಲ್ಲೇ ಹಾಳಾಗಿರುತ್ತದೆ. ಹಬ್ಬದ ಸಾಲು ರಜೆಯಲ್ಲಿ ನಾಲ್ಕೈದು ದಿನ ಫಾರ್ಮಲಿನ್‌ನಲ್ಲೇ ಉಳಿದದ್ದರಲ್ಲಿ ಬಣ್ಣ ಸರಿಯಾಗಿ ಹಿಡಿಯದೇ ಹೋಗಬಹುದು.

ಅನುಮಾನ ಪಡಬೇಕಾದ ಗುರುತುಗಳು: ರಿಪೋರ್ಟಿನಲ್ಲಿ "ಕ್ರಶ್ ಆರ್ಟಿಫ್ಯಾಕ್ಟ್" (ಚೂರು ಜಜ್ಜಿದೆ), "ನೆಕ್ರೋಟಿಕ್" (ಸತ್ತ ಅಂಗಾಂಶ), "ಸ್ಕ್ಯಾಂಟಿ ಟಿಶ್ಯೂ" (ಅಂಗಾಂಶ ಸಾಲದು) ಎಂಬ ಪದಗಳು; ಬಣ್ಣ ಸರಿಯಾಗಿ ಹಿಡಿಯುತ್ತದೆಯೇ ಎಂದು ಜೊತೆಗೆ ಮಾಡುವ ಕಂಟ್ರೋಲ್ ಸ್ಲೈಡಿನ ಉಲ್ಲೇಖವೇ ಇಲ್ಲದಿರುವುದು; ರೂಪ ನೋಡಿದರೆ ಮಾಮೂಲಿ ಸ್ಕ್ವೇಮಸ್ ಗೆಡ್ಡೆ, ಆದರೆ ಪಿ16 ಪೂರ್ತಿ ನೆಗೆಟಿವ್. ಈ ಕೊನೆಯ ಸಂದರ್ಭದಲ್ಲಿ ಬಣ್ಣಪರೀಕ್ಷೆ ಮತ್ತೆ ಮಾಡುವುದು ಅಥವಾ ಎಚ್‌ಪಿವಿಗೇ ನೇರ ಪರೀಕ್ಷೆ ಮಾಡುವುದು ವಾಡಿಕೆ.

## ಹಂತ 5: ಎಸ್‌ಸಿಸಿ ಆಂಟಿಜನ್, ಚಿಕಿತ್ಸೆಗೆ ಮುಂಚೆ ಒಮ್ಮೆ

ಸ್ಕ್ವೇಮಸ್ ಗೆಡ್ಡೆ ಇದ್ದವರಿಗೆ ಇದು ರಕ್ತದಲ್ಲಿ ಅಳೆಯುವ ಮುಖ್ಯ ಪ್ರೋಟೀನ್. ಮೊದಲ ಅಳತೆ ಆಪರೇಷನ್, ರೇಡಿಯೇಷನ್, ಕೀಮೋ ಯಾವುದೂ ಶುರುವಾಗುವ ಮೊದಲು ಆಗಬೇಕು. ಇದು ತಪ್ಪಿದರೆ ಮುಂದಿನ ಅಳತೆಗಳನ್ನು ಹೋಲಿಸುವುದಕ್ಕೆ ತಳಪಾಯವೇ ಇರುವುದಿಲ್ಲ. ಸಾಮಾನ್ಯ ಸೀರಂ ಟ್ಯೂಬಿನಲ್ಲಿ 3ರಿಂದ 5 ಮಿ.ಲೀ. ರಕ್ತ ಸಾಕು, ಖಾಲಿ ಹೊಟ್ಟೆ ಬೇಕಿಲ್ಲ.

ಗಡಿ ಸಂಖ್ಯೆ ಯಂತ್ರಕ್ಕೆ ತಕ್ಕಂತೆ ಬೇರೆ. ಬಹಳ ಕಡೆ 1.5 ನ್ಯಾನೋಗ್ರಾಂ/ಮಿ.ಲೀ., ಕೆಲವು ಕಡೆ 2 ಅಥವಾ ಅದಕ್ಕೂ ಮೇಲೆ. ರಿಪೋರ್ಟಿನ ಬಲಗಡೆ ಕೊಟ್ಟಿರುವ ರೆಫರೆನ್ಸ್ ನೋಡಿ, ಬೇರೆಯವರ ರಿಪೋರ್ಟಿನದ್ದನ್ನಲ್ಲ.

ಮೊದಲ ಸಂಖ್ಯೆ ಹೆಚ್ಚಿದ್ದಷ್ಟೂ ಗೆಡ್ಡೆ ದೊಡ್ಡದಿರುವ, ಲಿಂಫ್ ಗಂಟಿಗೆ ಹೋಗಿರುವ ಸಂಭವ ಹೆಚ್ಚು. ಆದ್ದರಿಂದ 1ಬಿ1 ಎಂದು ಬರೆದಿದ್ದು ಎಸ್‌ಸಿಸಿ 12 ಬಂದಿದ್ದರೆ ಎರಡರಲ್ಲಿ ಒಂದು ತಾಳೆಯಾಗುತ್ತಿಲ್ಲ. "ಗಂಟುಗಳನ್ನು ಸ್ಕ್ಯಾನಿನಲ್ಲಿ ಸರಿಯಾಗಿ ನೋಡಿದ್ದಾರಾ?" ಎಂದು ಕೇಳಬೇಕಾದ ಜಾಗ ಅದು.

ಸುಳ್ಳು ಏರಿಕೆಗೆ ಕಾರಣಗಳು ಹಲವು. ಈ ಪ್ರೋಟೀನ್ ನಮ್ಮ ಚರ್ಮದಲ್ಲೂ ಜೊಲ್ಲಿನಲ್ಲೂ ಧಾರಾಳವಾಗಿದೆ. ಲ್ಯಾಬಿನವರು ಬರಿಗೈಯಲ್ಲಿ ಟ್ಯೂಬಿನ ಬಾಯಿ ಮುಟ್ಟಿದರೆ, ತೆರೆದ ಸ್ಯಾಂಪಲ್ ಮೇಲೆ ಸೀನಿದರೆ ಸಂಖ್ಯೆ ಜಿಗಿಯುತ್ತದೆ. ಸೋರಿಯಾಸಿಸ್, ತೀವ್ರ ಎಕ್ಸಿಮಾ ಇದ್ದವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಹೆಚ್ಚಿರುತ್ತದೆ. ಇವೆಲ್ಲಕ್ಕಿಂತ ಮುಖ್ಯ ಕಿಡ್ನಿ: ಮೂತ್ರನಾಳ ಒತ್ತಿ ಕ್ರಿಯೇಟಿನಿನ್ ಏರಿದವರಲ್ಲಿ ಎಸ್‌ಸಿಸಿ ಹೊರಹೋಗದೆ ರಕ್ತದಲ್ಲಿ ನಿಲ್ಲುತ್ತದೆ. ಈ ಕಾಯಿಲೆಯಲ್ಲಿ ಕಿಡ್ನಿ ಊತ ಅಪರೂಪವೇನಲ್ಲವಾದ್ದರಿಂದ ಕ್ರಿಯೇಟಿನಿನ್ ಪಕ್ಕದಲ್ಲಿಲ್ಲದ ಎಸ್‌ಸಿಸಿ ಸಂಖ್ಯೆಗೆ ಅರ್ಧ ಬೆಲೆ.

ಕೂದಲು ಉದುರದಿರಲಿ ಎಂದು ಬಯೋಟಿನ್ ಮಾತ್ರೆ ನುಂಗುವವರು ಅದನ್ನು ಲ್ಯಾಬಿನವರಿಗೆ ಹೇಳಲೇಬೇಕು. ಕೆಲವು ಯಂತ್ರಗಳಲ್ಲಿ ಹೆಚ್ಚಿನ ಬಯೋಟಿನ್ ಫಲಿತಾಂಶವನ್ನು ಕೆಡಿಸುತ್ತದೆ.

## ಹಂತ 6: ಯಾರೂ ಮಾರ್ಕರ್ ಎಂದು ಕರೆಯದ ಎರಡು ಪ್ರೋಟೀನ್

ಹಿಮೋಗ್ಲೋಬಿನ್ ಕೂಡ ಪ್ರೋಟೀನೇ. ರಕ್ತಹೀನತೆ ಇರುವವರಲ್ಲಿ ರೇಡಿಯೇಷನ್ ಫಲಿತಾಂಶ ಕಳಪೆ ಎಂಬುದು ಮತ್ತೆ ಮತ್ತೆ ಕಂಡುಬಂದ ಸಂಗತಿ. ತಿಂಗಳುಗಟ್ಟಲೆ ರಕ್ತಸ್ರಾವವಾಗಿ 7, 8 ಗ್ರಾಂಗೆ ಇಳಿದು ಬರುವ ಹೆಂಗಸರು ನಮ್ಮಲ್ಲಿ ಬೇಕಾದಷ್ಟು. ರೇಡಿಯೇಷನ್ ನಡೆಯುವಷ್ಟು ದಿನ 10 ಗ್ರಾಂ ಮೇಲೆ ಇಡಲು ಬಹಳ ಕೇಂದ್ರಗಳು ರಕ್ತ ಕೊಡುತ್ತವೆ. ಅದಕ್ಕೆ ರಕ್ತದಾನಿಗಳನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಬೀಟ್‌ರೂಟ್ ಜ್ಯೂಸ್ ನಂಬಿ ಕೂರುವ ಕಾಲ ಇದಲ್ಲ. ಎರಿತ್ರೋಪೊಯೆಟಿನ್ ಇಂಜೆಕ್ಷನ್ ಕೊಟ್ಟು ಏರಿಸಬಹುದಲ್ಲ ಎಂದು ಯಾರಾದರೂ ಹೇಳಿದರೆ, ಅದರಿಂದ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ತಜ್ಞರನ್ನು ಕೇಳದೆ ಬೇಡ.

ಆಲ್ಬುಮಿನ್ 3.5 ಗ್ರಾಂಗಿಂತ ಕೆಳಗಿದ್ದರೆ ಪೋಷಣೆ ಕುಂದಿದೆ, ಇಲ್ಲವೇ ಉರಿಯೂತ ಜಾಸ್ತಿಯಿದೆ. ಡಯಟೀಷಿಯನ್ ಭೇಟಿ ಮೊದಲ ವಾರದಲ್ಲೇ ಆಗಲಿ.

## ಹಂತ 7: ಚಿಕಿತ್ಸೆ ನಡೆಯುವಾಗ ಕ್ಯಾಲೆಂಡರ್ ನೋಡಿ

ಮುಂದುವರಿದ ಹಂತದಲ್ಲಿ ಸಾಮಾನ್ಯ ಕ್ರಮ ಹೀಗೆ: ಐದು ವಾರಗಳಿಗೂ ಸ್ವಲ್ಪ ಹೆಚ್ಚು ಕಾಲ ಹೊರಗಿನಿಂದ 45ರಿಂದ 50 ಗ್ರೇ ರೇಡಿಯೇಷನ್, ವಾರಕ್ಕೊಮ್ಮೆ ದೇಹದ ಮೇಲ್ಮೈಯ ಚದರ ಮೀಟರಿಗೆ 40 ಮಿ.ಗ್ರಾಂ ಲೆಕ್ಕದಲ್ಲಿ ಸಿಸ್‌ಪ್ಲಾಟಿನ್ ಕೀಮೋ, ಆಮೇಲೆ ಒಳಗಿನಿಂದ ಕೊಡುವ ಬ್ರಾಕಿಥೆರಪಿ. ಎಲ್ಲ ಸೇರಿ 8 ವಾರ, ಅಂದರೆ 56 ದಿನದೊಳಗೆ ಮುಗಿಯಬೇಕು.

ಇಲ್ಲಿ ಪದೇ ಪದೇ ಎಸ್‌ಸಿಸಿ ಮಾಡಿಸುವುದಕ್ಕಿಂತ ಒಂದು ದಿನವೂ ತಪ್ಪದಂತೆ ನೋಡಿಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ. ಜಾತ್ರೆ, ಮದುವೆ, ಸುಗ್ಗಿ ಎಂದು ನಡುವೆ ವಾರ ಬಿಟ್ಟು ಬಂದರೆ ಗೆಡ್ಡೆ ಮತ್ತೆ ಚಿಗುರಲು ಅವಕಾಶವಾಗುತ್ತದೆ. ಅದಕ್ಕಿಂತ ದೊಡ್ಡ ತಪ್ಪು, ಹೊರಗಿನ ರೇಡಿಯೇಷನ್ ಮುಗಿದಾಗ ರಕ್ತಸ್ರಾವ ನಿಂತಿತು, ಎಸ್‌ಸಿಸಿಯೂ ಇಳಿಯಿತು ಎಂದು ಬ್ರಾಕಿಥೆರಪಿ ಬಿಟ್ಟು ಊರಿಗೆ ಹೋಗುವುದು. ಅರ್ಧ ಚಿಕಿತ್ಸೆಯಲ್ಲೂ ಎಸ್‌ಸಿಸಿ ಇಳಿಯುತ್ತದೆ. ಇಳಿದದ್ದು ಗುಣವಾದದ್ದಕ್ಕೆ ಸಾಕ್ಷಿಯಲ್ಲ.

## ಹಂತ 8: ಚಿಕಿತ್ಸೆಯ ನಂತರ ಗ್ರಾಫ್ ಹಾಕಿ

ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ, ಆಮೇಲೆ ಐದನೇ ವರ್ಷದವರೆಗೆ 6ರಿಂದ 12 ತಿಂಗಳಿಗೊಮ್ಮೆ ಪರೀಕ್ಷೆ. ಮರುಕಳಿಸುವುದಿದ್ದರೆ ಹೆಚ್ಚಿನದು ಮೊದಲ ಎರಡು ವರ್ಷದಲ್ಲೇ. ರೇಡಿಯೇಷನ್ ಮುಗಿದು ಮೂರು ತಿಂಗಳಿಗೆ ಸ್ಕ್ಯಾನ್ ಮಾಡಿಸುವುದು ವಾಡಿಕೆ. ಅದಕ್ಕೆ ಮುಂಚೆ ಮಾಡಿದರೆ ರೇಡಿಯೇಷನ್ನಿನ ಊತವೂ ಗೆಡ್ಡೆಯೂ ಒಂದೇ ರೀತಿ ಕಂಡು ದಾರಿ ತಪ್ಪಿಸಬಹುದು.

ಗ್ರಾಫಿನಲ್ಲಿ ಕೆಳಗೆ ತಿಂಗಳು, ಪಕ್ಕದಲ್ಲಿ ಎಸ್‌ಸಿಸಿ. ಪ್ರತಿ ಚುಕ್ಕೆಯ ಮೇಲೆ ಲ್ಯಾಬಿನ ಹೆಸರು ಮತ್ತು ಆ ದಿನದ ಕ್ರಿಯೇಟಿನಿನ್. ಒಂದೇ ಲ್ಯಾಬ್, ಒಂದೇ ಯಂತ್ರ ಇರಲಿ. ಕಂಪನಿ ಬದಲಾದರೆ 1.4 ಇದ್ದದ್ದು 2.1 ಆಗಿ ಕಾಣಬಹುದು, ದೇಹದಲ್ಲಿ ಏನೂ ಬದಲಾಗದೆ.

ಉದಾಹರಣೆಗೆ ಒಂದು ಗ್ರಾಫ್ ಹೀಗಿದೆ ಅನ್ನಿ: ಮೊದಲು 14.2, ಚಿಕಿತ್ಸೆ ಮುಗಿದಾಗ 2.8, ಮೂರನೇ ತಿಂಗಳು 1.1, ಆರನೇ ತಿಂಗಳು 1.2, ಒಂಬತ್ತನೇ ತಿಂಗಳು 2.4. ಕ್ರಿಯೇಟಿನಿನ್ 0.8, ಏರಿಲ್ಲ. ಈಗ ಮಾಡಬೇಕಾದದ್ದು ಒಂದೇ, 2ರಿಂದ 4 ವಾರದಲ್ಲಿ ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ. 1.3ಕ್ಕೆ ಬಂದರೆ ಮೊದಲಿನದು ಸ್ಯಾಂಪಲ್ ದೋಷವಿರಬಹುದು. 3.6 ಬಂದರೆ ಏರುಗತಿ ಖಚಿತ. ಒಳಪರೀಕ್ಷೆ ಮತ್ತು ಸ್ಕ್ಯಾನ್ ಬೇಕು. ಮರುಕಳಿಕೆಯ ಲಕ್ಷಣ ಕಾಣುವುದಕ್ಕೆ ಕೆಲವು ತಿಂಗಳು ಮೊದಲೇ ಎಸ್‌ಸಿಸಿ ಏರುವುದುಂಟು. ಒಂದು ಏರಿಕೆ ನೋಡಿ ಕೀಮೋ ಶುರು ಮಾಡುವುದಿಲ್ಲ. ಸಾಧ್ಯವಿದ್ದರೆ ಬಯಾಪ್ಸಿಯಿಂದ ಖಚಿತವಾಗಬೇಕು.

ಬೇರೆ ರೀತಿಯ ಗ್ರಾಫೂ ಇದೆ: ಚಿಕಿತ್ಸೆ ಮುಗಿದು ಮೂರು ತಿಂಗಳಾದರೂ ಸಂಖ್ಯೆ ಗಡಿಯ ಕೆಳಗೆ ಇಳಿಯದೆ ನಿಲ್ಲುವುದು. ಹೆಚ್ಚು ಎಚ್ಚರ ಬೇಕಾದದ್ದು ಇದಕ್ಕೆ, ಒಳಗೆ ಕಾಯಿಲೆ ಉಳಿದಿರುವ ಸಂಭವ ಜಾಸ್ತಿ.

ಮೊದಲ ಅಳತೆಯೇ 0.9 ಇದ್ದವರಿಗೆ ಈ ಗ್ರಾಫ್ ಅಷ್ಟಾಗಿ ಉಪಯೋಗವಿಲ್ಲ. ಅವರಲ್ಲಿ ಕಾಯಿಲೆ ಮರಳಿದರೂ ಸಂಖ್ಯೆ ಏರದೇ ಇರಬಹುದು. ಎಸ್‌ಸಿಸಿ ಏರಿದ್ದವರಲ್ಲೂ, ಪದೇ ಪದೇ ಅಳೆಯುವುದರಿಂದಲೇ ಆಯುಸ್ಸು ಹೆಚ್ಚುತ್ತದೆಂದು ಸಾಬೀತಾಗಿಲ್ಲ. ಹಣ ಕಡಿಮೆಯಿದ್ದರೆ ಎಸ್‌ಸಿಸಿ ಬಿಡಿ, ವೈದ್ಯರ ಒಳಪರೀಕ್ಷೆ ಬಿಡಬೇಡಿ.

## ಹಂತ 9: ಪಿಡಿ-ಎಲ್1, ಎಚ್‌ಇಆರ್2, ಎಂಎಂಆರ್ ಯಾವಾಗ?

ಕಾಯಿಲೆ ಮರುಕಳಿಸಿದಾಗ, ದೂರ ಹರಡಿದಾಗ. 1ಬಿ1 ಹಂತದಲ್ಲಿ ಇವನ್ನು ಮಾಡಿಸಿ ಏನೂ ಗಿಟ್ಟದು. ಇವು ಕಾಯಿಲೆಯ ಗತಿ ಹೇಳುವ ಪರೀಕ್ಷೆಗಳಲ್ಲ, ಯಾವ ಔಷಧಿ ಹಿಡಿಯಬಹುದು ಎಂದು ಹೇಳುವವು.

ಪಿಡಿ-ಎಲ್1 ಎಂದರೆ ಗೆಡ್ಡೆ ದೇಹದ ರಕ್ಷಣಾ ಕೋಶಗಳಿಂದ ತಪ್ಪಿಸಿಕೊಳ್ಳಲು ಬಳಸುವ ಪ್ರೋಟೀನ್. ಇದರ ಫಲಿತಾಂಶ ಸಿಪಿಎಸ್ ಎಂಬ ಅಂಕದಲ್ಲಿ ಬರುತ್ತದೆ. ಬಣ್ಣ ಹಿಡಿದ ಗೆಡ್ಡೆಕೋಶ, ಲಿಂಫೋಸೈಟ್, ಮ್ಯಾಕ್ರೋಫೇಜ್ (ಕೊನೆಯ ಎರಡು ರಕ್ಷಣಾ ಕೋಶಗಳು) ಮೂರನ್ನೂ ಕೂಡಿಸಿ, ಜೀವಂತ ಗೆಡ್ಡೆಕೋಶಗಳ ಒಟ್ಟು ಸಂಖ್ಯೆಯಿಂದ ಭಾಗಿಸಿ, 100ರಿಂದ ಗುಣಿಸುತ್ತಾರೆ. 200 ಗೆಡ್ಡೆಕೋಶಗಳಲ್ಲಿ 30ಕ್ಕೆ ಬಣ್ಣ, ಜೊತೆಗೆ 14 ರಕ್ಷಣಾ ಕೋಶಗಳಿಗೆ ಬಣ್ಣ ಇದ್ದರೆ ಸಿಪಿಎಸ್ 22. ಇದು ಶೇಕಡಾವಾರು ಅಲ್ಲ. ಎಣಿಸಲು ಕನಿಷ್ಠ 100 ಗೆಡ್ಡೆಕೋಶ ಬೇಕು. ಸಿಪಿಎಸ್ 1 ಅಥವಾ ಮೇಲಿದ್ದರೆ, ಮರುಕಳಿಸಿದ ಅಥವಾ ದೂರ ಹರಡಿದ ಕಾಯಿಲೆಯಲ್ಲಿ ಕೀಮೋ ಜೊತೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ (ರಕ್ಷಣಾ ಕೋಶಗಳನ್ನು ಎಬ್ಬಿಸುವ) ಔಷಧಿ ಸೇರಿಸುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಒಪ್ಪಿದೆ. ಕತ್ತರಿಸಿ ತಿಂಗಳುಗಟ್ಟಲೆ ಇಟ್ಟ ಸ್ಲೈಡಿನಲ್ಲಿ ಬಣ್ಣ ಮಂಕಾಗಿ ಸುಳ್ಳು ನೆಗೆಟಿವ್ ಬರುತ್ತದೆ. ಬ್ಲಾಕಿನಿಂದ ಹೊಸದಾಗಿ ಕತ್ತರಿಸಲು ಹೇಳಿ.

ಗೆಡ್ಡೆಕೋಶದ ಮೇಲಿನ ಎಚ್‌ಇಆರ್2 ಪ್ರೋಟೀನಿಗೆ ಬಣ್ಣ ಗಾಢವಾಗಿ ಹಿಡಿದು 3+ ಬಂದರಷ್ಟೇ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಎಂಬ ಔಷಧಿಯ ಮಾತು. ಎಂಎಂಆರ್‌ನಲ್ಲಿ ಡಿಎನ್‌ಎ ತಪ್ಪು ಸರಿಪಡಿಸುವ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಎಂಬ ನಾಲ್ಕು ಪ್ರೋಟೀನ್ ನೋಡುತ್ತಾರೆ. "ಇಂಟ್ಯಾಕ್ಟ್" ಎಂದರೆ ಸಹಜ, "ಲಾಸ್" ಎಂದರೆ ಇಮ್ಯುನೋಥೆರಪಿ ಕೆಲಸ ಮಾಡುವ ಸಾಧ್ಯತೆ ಹೆಚ್ಚು. ಈ ಔಷಧಿಗಳ ಬೆಲೆ ಲಕ್ಷಗಳಲ್ಲಿದೆ. ಪರೀಕ್ಷೆಗೆ ದುಡ್ಡು ಕಟ್ಟುವ ಮುಂಚೆಯೇ "ಪಾಸಿಟಿವ್ ಬಂದರೆ ಔಷಧಿ ಯಾವ ಯೋಜನೆಯಲ್ಲಿ ಸಿಗುತ್ತದೆ?" ಎಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿಬಿಡಿ.

## ಮಾರ್ಕರ್ ನಾರ್ಮಲ್ ಇದ್ದರೂ ಕಾಯಬಾರದ ಲಕ್ಷಣಗಳು

- ಚಿಕಿತ್ಸೆ ಮುಗಿದ ಮೇಲೆ ಮತ್ತೆ ರಕ್ತಸ್ರಾವ, ಅಥವಾ ದುರ್ವಾಸನೆಯ ಬಿಳಿಸೆರಗು.
- ಒಂದು ಕಾಲು ಮಾತ್ರ ಊದುವುದು. ಸೊಂಟದಿಂದ ತೊಡೆಗೆ ಇಳಿಯುವ, ರಾತ್ರಿ ಹೆಚ್ಚುವ ನೋವು.
- ಮೂತ್ರ ಕಡಿಮೆಯಾಗುವುದು, ವಾಂತಿ, ಮುಖ ಊತ. ಇದು ಕಿಡ್ನಿ ಕಟ್ಟಿಕೊಂಡ ಗುರುತಿರಬಹುದು. ಅಪಾಯಿಂಟ್‌ಮೆಂಟ್ ಕಾಯದೆ ಅದೇ ದಿನ ಎಮರ್ಜೆನ್ಸಿಗೆ ಹೋಗಿ.
- ಯೋನಿಯಿಂದ ಮೂತ್ರ ಅಥವಾ ಮಲ ಸೋರುವುದು.
- ಬಿಡದ ಕೆಮ್ಮು, ಕತ್ತಿನ ಎಡಬದಿಯಲ್ಲಿ ಗಂಟು, ಕಾರಣವಿಲ್ಲದೆ ತೂಕ ಇಳಿಯುವುದು.

ಇವುಗಳಲ್ಲಿ ಯಾವುದಿದ್ದರೂ ಕಳೆದ ತಿಂಗಳ 1.1 ಎಂಬ ಸಂಖ್ಯೆ ತೋರಿಸಿ "ಎಲ್ಲ ಸರಿಯಿದೆ" ಎನ್ನಬೇಡಿ. ಆಸ್ಪತ್ರೆಗೆ ಹೊರಡುವಾಗ ಗ್ರಾಫ್ ಹಾಳೆ, ಬ್ಲಾಕ್ ನಂಬರ್, ಹಳೆಯ ಸ್ಕ್ಯಾನ್ ಸಿಡಿ ಮೂರೂ ಚೀಲದಲ್ಲಿರಲಿ.